ಜಗಳಕ್ಕೊಬ್ಬರು ಜೊತೆ ಬೇಕಾಗಿದ್ದಾರೆ

ಕುವೈತಿನ ಫಿಂಟಾಸಿನಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಸುಮ್ಮನೆ ಕಳೆಯುವ ಸಂಜೆ ಎಂಬುದು ಈಚೆಗೆ ಇಲ್ಲವೇ ಇಲ್ಲ. ಏನಾದರೊಂದು ಆಗುತ್ತಲೇ ಇರುತ್ತದೆ, ಆದದ್ದೆಲ್ಲ ಯಾರಾದರೂ ಬಂದು ಬಾಗಿಲು ತಟ್ಟುವಲ್ಲಿಗೆ ಮುಟ್ಟುತ್ತದೆ. ಎಲ್ಲಕ್ಕೂ ಮೂಲ ಯಹೂದಿಗಳ ಹಳೆಯ ರಬ್ಬಿಗಳು. ಅವರು ತೀರಿಕೊಂಡು ಸಾವಿರದೈನೂರು ವರ್ಷದ ಮೇಲಾಯಿತು. ಆದರೂ ನಮ್ಮ ಊಟದ ಮೇಜಿನ ಸುತ್ತ ಬಂದು ಕೂತಿದ್ದಾರೆ.

ಕರೆದುಕೊಂಡು ಬಂದವಳು ನಾನೇ. ವಾರವಿಡೀ ಆಸ್ಪತ್ರೆಯೊಂದರ ರೆಕಾರ್ಡ್ ವಿಭಾಗದಲ್ಲಿ ಕೂರುವ ನಾನು ಇಲ್ಲಿ ರಜೆಯ ದಿನವಾದ ಶುಕ್ರವಾರ ಮಾತ್ರ ಚರ್ಚಿನ ಮಕ್ಕಳಿಗೆ ಧರ್ಮಶಿಕ್ಷಣದ ಪಾಠ ಮಾಡುತ್ತೇನೆ. ಒಂದು ಶುಕ್ರವಾರ ಫರಿಸಾಯರ ಪಾಠವಿತ್ತು. ಯೇಸುಸ್ವಾಮಿಯೊಡನೆ ವಾದಕ್ಕಿಳಿದ ಆ ಯಹೂದಿ ಶಾಸ್ತ್ರಿಗಳನ್ನು ಎಂದಿನಂತೆ ಚೆನ್ನಾಗಿ ಬೈದೆ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಕೈ ಎತ್ತಿ, "ಮಿಸ್, ಡಿಡ್ ಎನಿಬಡಿ ಆಸ್ಕ್ ದೆಮ್?" ಎಂದಳು. ಅವರ ಕಡೆಯ ಮಾತನ್ನು ಯಾರಾದರೂ ಕೇಳಿದ್ದಾರಾ ಎಂದು ಅವಳ ಪ್ರಶ್ನೆ. ನಾನಂತೂ ಕೇಳಿರಲಿಲ್ಲ. ಮನೆಗೆ ಬಂದು ಹುಡುಕಿದರೆ, ಅವರ ಪರಂಪರೆಯ ಗುರುಗಳಾದ ರಬ್ಬಿಗಳು ಸಾವಿರಾರು ಪುಟ ಮಾತಾಡಿಟ್ಟಿದ್ದಾರೆ! ಅದನ್ನು ಕಲಿಸುವ ಯುರೋಪಿನ ಒಂದು ಆನ್‌ಲೈನ್ ಕೋರ್ಸಿಗೆ ಸೇರಿಬಿಟ್ಟೆ.

ಇದರ ಹಿಂದೆ ಇನ್ನೊಂದು ಆಸೆಯೂ ಇತ್ತು. ಉಡುಪಿಯಲ್ಲಿ ಬಿ.ಎ. ಮುಗಿಸಿ, ಎಂ.ಎ.ಗೆ ಸೀಟು ಸಿಕ್ಕಿದ ಹೊತ್ತಿಗೇ ಮದುವೆಯಾಗಿ ಕುವೈತಿಗೆ ಬಂದವಳು ನಾನು. ಓದು ಅಲ್ಲಿಗೆ ನಿಂತಿತು. ಯಾರೂ ತಡೆದದ್ದಲ್ಲ, ತಾನಾಗಿ ನಿಂತಿತು. ಐವತ್ತು ದಾಟಿದ ಮೇಲೆ ಈ ಒಂದು ಸರ್ಟಿಫಿಕೇಟನ್ನಾದರೂ ಕೈಯಲ್ಲಿ ಹಿಡಿಯಬೇಕೆಂದು ಬಹಳ ಆಸೆಯಾಗಿತ್ತು.

ಆದರೆ ಈ ಓದಿಗೆ ಒಂದು ಕಟ್ಟಳೆ ಇದೆ. ಒಬ್ಬರೇ ಓದುವ ಹಾಗಿಲ್ಲ. ಇಬ್ಬರು ಎದುರುಬದುರು ಕೂತು ಗಟ್ಟಿಯಾಗಿ ಓದಬೇಕು, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಆಕ್ಷೇಪ ಎತ್ತಬೇಕು. ಹಿಂದಿನಿಂದ ಬಂದ ರೂಢಿಯದು. ಕೊನೆಯ ಪರೀಕ್ಷೆಯಲ್ಲೂ ಜೊತೆಗಾರರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರೊಫೆಸರರ ಎದುರು ವಾದ ಮಾಡಿ ತೋರಿಸಬೇಕು. ಆಕ್ಷೇಪವಿಲ್ಲದೆ ಮಾತು ನಿಂತುಹೋದರೆ ಫೇಲು.

೧. ಬಹಳ ಒಳ್ಳೆಯ ಗಂಡ

ಜಗಳಕ್ಕೆ ಗಂಡನಿರುವಾಗ ಹೊರಗೆ ಯಾಕೆ ಹುಡುಕಬೇಕು ಎಂದುಕೊಂಡೆ. ನಮ್ಮ ಯಜಮಾನರು ಮೀನಾ ಅಲ್ ಅಹ್ಮದಿ ಕಡೆ ರಿಫೈನರಿ ಕೆಲಸದಲ್ಲಿರುವವರು. ಸಂಜೆ ಬಂದು ಚಹಾ ಕುಡಿದ ಮೇಲೆ ಅವರನ್ನು ಎದುರು ಕೂರಿಸಿದೆ. ಗ್ರಂಥದಲ್ಲಿ ಕಳೆದುಹೋದ ವಸ್ತುವಿನ ಒಂದು ಪ್ರಶ್ನೆ ಇತ್ತು. ಅರ್ಥವಾಗಲೆಂದು ನಾನು ಅದನ್ನು ಟವಲ್ ಮಾಡಿಕೊಂಡೆ. ಕುವೈತಿನ ಧೂಳುಗಾಳಿಗೆ ಬಾಲ್ಕನಿಯ ಟವಲ್ ಕಳೆದುಕೊಳ್ಳದವರು ಯಾರಿದ್ದಾರೆ?

"ಗಾಳಿಗೆ ಒಬ್ಬನ ಟವಲ್ ಹಾರಿಹೋಯಿತು. ಅದಕ್ಕೆ ಗುರುತು ಏನೂ ಇಲ್ಲ. ಇನ್ನೊಬ್ಬನಿಗೆ ಸಿಕ್ಕಿತು. ಈಗ ಅದು ಯಾರದ್ದು?"

"ಕಳೆದುಕೊಂಡವನದ್ದು."

"ಸಿಕ್ಕಿದವನದ್ದು ಯಾಕೆ ಆಗಬಾರದು?"

"ಆಯ್ತು, ಸಿಕ್ಕಿದವನದ್ದು."

"ಹಾಗೆ ಹೇಳಿದ್ರೆ ಹೇಗೆ? ಕಳೆದುಕೊಂಡವನಿಗೆ ಅನ್ಯಾಯ ಅಲ್ವಾ?"

"ಆಯ್ತು, ಅವನಿಗೂ ಒಂದು ಹೊಸ ಟವಲ್ ತೆಗೆದುಕೊಡುವ."

ಮದುವೆಯಾದಂದಿನಿಂದ ಇದೇ 'ಆಯ್ತು'. ಹವಲ್ಲಿಯ ಹಳೆ ಮನೆ ಬಿಡುವ ಅಂದಾಗಲೂ ಆಯ್ತು, ಮೀನು ಸಾರಿಗೆ ಉಪ್ಪು ಹೆಚ್ಚಾಯಿತಾ ಎಂದಾಗಲೂ ಆಯ್ತು. ಒಂದು ತಿಂಗಳು ಹೀಗೇ ಓದಿ, ನಮ್ಮ ವಾದವನ್ನು ರೆಕಾರ್ಡ್ ಮಾಡಿ ಕಳಿಸಿದೆ. ಪ್ರೊಫೆಸರಮ್ಮ ಬೆಳ್ಳಿಕೂದಲಿನ, ಮೆತ್ತಗೆ ಮಾತಾಡುವ ಅಜ್ಜಿ. ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು:

"ನಿಮ್ಮ ಯಜಮಾನರು ತುಂಬಾ ಒಳ್ಳೆಯವರು. ಬೇರೆಯವರನ್ನು ಹುಡುಕಿ."

೨. ಹಸಿರು ಟವಲ್

ಬೇರೆಯವರೆಂದರೆ ಮೇಲಿನ ಮಹಡಿಯ ಅಕ್ಕ. ಮೂಲ್ಕಿ ಕಡೆಯವರು, ಮನೆಮಾತು ತುಳು. ಗಂಡ ಹೋಟೆಲ್ ನಡೆಸುತ್ತಾರೆ, ಅಕ್ಕ ಉಳಿದದ್ದನ್ನೆಲ್ಲ ನಡೆಸುತ್ತಾರೆ. ಊರಿನ ರೂಢಿಯಂತೆ ಕ್ರಿಶ್ಚಿಯನ್ ಹೆಂಗಸಾದ ನನ್ನನ್ನು 'ಬಾಯಿ' ಎಂದೇ ಕರೆಯುವುದು. ತರಕಾರಿಯವನ ಜೊತೆ ಅವರು ಚೌಕಾಸಿಗೆ ನಿಂತರೆ ಇಡೀ ಬಿಲ್ಡಿಂಗು ಬಾಲ್ಕನಿಗೆ ಬರುತ್ತದೆ. ಇವರಿಗಿಂತ ಒಳ್ಳೆಯ ಎದುರಾಳಿ ಎಲ್ಲಿ ಸಿಕ್ಕಾರು?

ಮೊದಲನೇ ದಿನವೇ ಅಕ್ಕ ರಬ್ಬಿಗಳನ್ನು ತರಾಟೆಗೆ ತೆಗೆದುಕೊಂಡರು. "ಎಂತ ಬಾಯಿ, ಇವರು ಬೆಳಗ್ಗಿಂದ ಕೂತು ಬರೀ ಮಾತಾಡ್ತಾರಲ್ಲ, ಅನ್ನ ಬೇಯಿಸಿದ್ದು ಯಾರು? ಅವರ ಹೆಂಡತಿಯರ ಹೆಸರು ಯಾಕೆ ಬರೆದಿಲ್ಲ?"

ನಾನು ಖುಷಿಯಿಂದ ಉಬ್ಬಿಹೋದೆ. ಇದೇ ಬೇಕಾದದ್ದು! ಎರಡನೇ ದಿನ ಟವಲಿನ ಪ್ರಶ್ನೆ ಎತ್ತಿದೆ.

"ಟವಲಿಗೆ ಕ್ಲಿಪ್ ಹಾಕಿದ್ರಾ?" ಅಂದರು ಅಕ್ಕ. "ಕ್ಲಿಪ್ ಹಾಕದವರಿಗೆ ವಾಪಸ್ ಕೊಡ್ಲೇಬಾರ್ದು."

"ಕ್ಲಿಪ್ ಹಾಕಿಯೂ ಹಾರಿದ್ರೆ?"

"ಹಾಂ, ಅದು ಬೇರೆ. ಹೋದ ವರ್ಷ ನನ್ನದೊಂದು ಹಸಿರು ಟವಲ್ ಕ್ಲಿಪ್ಪಿನ ಸಮೇತ ಹಾರಿಹೋಗಿತ್ತು." ಅಕ್ಕ ಇದ್ದಕ್ಕಿದ್ದಂತೆ ನನ್ನನ್ನು ದಿಟ್ಟಿಸಿದರು. "ನಿಮ್ಮ ಬಾತ್‌ರೂಮಿನಲ್ಲಿ ಒಂದು ಹಸಿರು ಟವಲ್ ಉಂಟಲ್ಲ ಬಾಯಿ, ಅದನ್ನು ನೀವು ಎಲ್ಲಿಂದ ತಗೊಂಡದ್ದು?"

ಅದು ನಮ್ಮ ಬಾಲ್ಕನಿಗೆ ತಾನಾಗಿ ಬಂದು ಬಿದ್ದದ್ದು. ಆಗ ಎಲ್ಲರನ್ನೂ ವಿಚಾರಿಸಿದ್ದೆವು, ಅಕ್ಕ ಊರಿಗೆ ಹೋಗಿದ್ದರು. ಎಷ್ಟು ಹೇಳಿದರೂ ಅವರ ಮುಖ ಸಡಿಲವಾಗಲಿಲ್ಲ. ಆ ದಿನ ನನ್ನ ಜೊತೆಗಾರ್ತಿಯೂ ಹೋದರು, ಟವಲೂ ಹೋಯಿತು.

೩. ಮಿಸ್ಟರ್ ಮಾಫಿ

ಚಳಿಗಾಲದಲ್ಲಿ ಊರಿನವರೆಲ್ಲ ಸೇರಿ ಪಾರ್ಕಿನಲ್ಲಿ ಪಿಕ್ನಿಕ್ ಮಾಡುವುದುಂಟು. ಪರೀಕ್ಷೆ ಹತ್ತಿರ ಬರುತ್ತಿತ್ತು, ಜೊತೆಗೆ ಯಾರೂ ಇರಲಿಲ್ಲ. ಕೋರ್ಸ್ ಬಿಟ್ಟುಬಿಡುವುದೆಂದು ಒಳಗೊಳಗೇ ತೀರ್ಮಾನಿಸಿ, ಅಳು ಬಂದ ಮುಖದಲ್ಲಿ ಕೋರಿರೊಟ್ಟಿ ತಿನ್ನುತ್ತಿದ್ದೆ. ಯಜಮಾನರ ಜೊತೆ ಕೆಲಸ ಮಾಡುವ ಒಬ್ಬರು ಪಕ್ಕದಲ್ಲಿ ಬಂದು ಕೂತರು.

"ಅತ್ತಿಗೆ, ನಿಮಗೆ ದೊಡ್ಡ ನಮಸ್ಕಾರ. ಆ ಮನುಷ್ಯನ ಜೊತೆ ಹೇಗೆ ಸಂಸಾರ ಮಾಡ್ತೀರಿ?"

"ಯಾಕೆ, ಎಂತ ಮಾಡಿದ್ರು?"

"ಎಂತ ಮಾಡಿದ್ರಾ? ಅವರಿಗೆ ನಮ್ಮಲ್ಲಿ ಮಿಸ್ಟರ್ ಮಾಫಿ ಅಂತಲೇ ಹೆಸರು!"

ಅರಬಿಯಲ್ಲಿ 'ಮಾಫಿ' ಅಂದರೆ 'ಇಲ್ಲ'. ವಿಷಯ ಏನೆಂದರೆ, ಅಲ್ಲಿ ವೆಲ್ಡಿಂಗ್ ಮಾಡಬೇಕಾದರೆ, ಟ್ಯಾಂಕಿನೊಳಗೆ ಇಳಿಯಬೇಕಾದರೆ ಮೊದಲು ಪರ್ಮಿಟ್ ಆಗಬೇಕು. ಅದಕ್ಕೆ ಸಹಿ ಹಾಕುವವರು ನಮ್ಮವರು. ಗ್ಯಾಸ್ ಟೆಸ್ಟ್ ಯಾರು ಮಾಡಿದ್ದು, ಗಾಳಿ ತಿರುಗಿದರೆ ಎಂತ ಮಾಡ್ತೀರಿ, ಹೊರಗೆ ನಿಂತವನಿಗೆ ತಲೆ ತಿರುಗಿದರೆ ಒಳಗಿದ್ದವನನ್ನು ಎಳೆಯುವವರು ಯಾರು ಎಂದು ಕೇಳಿ ಕೇಳಿ, ಒಂದಕ್ಕೆ ಉತ್ತರ ಇಲ್ಲದಿದ್ದರೂ "ಮಾಫಿ" ಅಂದುಬಿಡುತ್ತಾರಂತೆ. ದೊಡ್ಡ ದೊಡ್ಡ ಇಂಜಿನಿಯರುಗಳು ಅವರ ಮೇಜಿನೆದುರು ಬೆವರುತ್ತಾರಂತೆ.

ಮನೆಗೆ ಹೋಗುವಾಗ ಕಾರಿನಲ್ಲಿ ಕೇಳಿದೆ. "ಅಲ್ಲಿ ಎಲ್ಲದಕ್ಕೂ ಮಾಫಿ, ಇಲ್ಲಿ ಎಲ್ಲದಕ್ಕೂ ಆಯ್ತು. ಇದೆಂತ ಮಾರಾಯ್ರೆ?"

ಅವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: "ಅಲ್ಲಿ ಹೌದು ಅಂದ್ರೆ ಬೆಂಕಿ ಹತ್ತುತ್ತದೆ. ಇಲ್ಲಿ ಇಲ್ಲ ಅಂದ್ರೆ ಬೆಂಕಿ ಹತ್ತುತ್ತದೆ."

೪. ಪರ್ಮಿಟ್

ಮರುದಿನ ಸಂಜೆ ಟವಲಿನ ಅದೇ ಪುಟವನ್ನು ಅವರ ಮುಂದಿಟ್ಟೆ. "ಇದನ್ನು ಪರ್ಮಿಟ್ ಅಂತ ತಿಳಿದುಕೊಳ್ಳಿ. ನೀವು ಸಹಿ ಹಾಕಿದ್ರೆ ಒಬ್ಬ ಟ್ಯಾಂಕಿನೊಳಗೆ ಇಳಿಯುತ್ತಾನೆ."

ಅವರ ಬೆನ್ನು ನೆಟ್ಟಗಾಯಿತು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ನಾನು ಮದುವೆಯಾದ ಮನುಷ್ಯ ಎದ್ದು ಹೋಗಿ ಆ ಕುರ್ಚಿಯಲ್ಲಿ ಇನ್ಯಾರೋ ಬಂದು ಕೂತ ಹಾಗಾಯಿತು.

"ಟವಲ್ ಸಿಕ್ಕಿದವನದ್ದು ಅಂತ ಯಾವಾಗ ಆಗ್ತದೆ?"

"ಕಳೆದುಕೊಂಡವನು ಆಸೆ ಬಿಟ್ಟ ಮೇಲೆ."

"ಆಸೆ ಬಿಟ್ಟದ್ದು ಯಾರು ನೋಡಿದ್ದು?"

"ನೋಡ್ಲಿಕ್ಕೆ ಆಗುವುದಿಲ್ಲ. ಅಂದಾಜು."

"ಮಾಫಿ. ಅಂದಾಜಿನ ಮೇಲೆ ಸಹಿ ಆಗುವುದಿಲ್ಲ. ಅವನಿಗೆ ಟವಲ್ ಹೋದದ್ದೇ ಇನ್ನೂ ಗೊತ್ತಿಲ್ಲದಿದ್ರೆ? ಗೊತ್ತಿಲ್ಲದವನು ಆಸೆ ಬಿಡುವುದು ಹೇಗೆ?"

ನನಗೆ ಮೈ ಜುಮ್ಮೆಂದಿತು. ಇದೇ ಪ್ರಶ್ನೆಯನ್ನು ಮುಂದಿನ ಪುಟದಲ್ಲಿ ರಬ್ಬಿಗಳೂ ಎತ್ತಿ, ಅದರ ಮೇಲೆ ಪುಟಗಟ್ಟಲೆ ಕಾದಾಡಿದ್ದರು. ಪುಟ ತಿರುಗಿಸಿ ತೋರಿಸಿದೆ. ಅವರು ಓದಿ ತಲೆದೂಗಿದರು.

"ಒಳ್ಳೆ ಜನ. ಇಂಥವರು ನಾಲ್ಕು ಮಂದಿ ನನ್ನ ಸೆಕ್ಷನ್ನಿನಲ್ಲಿ ಇದ್ದಿದ್ರೆ ನಾನು ಸಮಾಧಾನದಿಂದ ರಜೆಗೆ ಹೋಗ್ತಿದ್ದೆ."

೫. ರಾಜಿಗೆ ಬಂದವರು

ಅಂದಿನಿಂದ ದಿನಾ ಯುದ್ಧ. ಓದುವುದು ಇಂಗ್ಲಿಷಿನಲ್ಲಿ, ಮನೆಮಾತು ಕೊಂಕಣಿ. ಆದರೆ ನಾವಿಬ್ಬರೂ ಕನ್ನಡ ಮೀಡಿಯಮ್ಮಿನವರು, ಚರ್ಚಾಸ್ಪರ್ಧೆ ಕಲಿತದ್ದು ಕನ್ನಡದಲ್ಲಿ. ಹಾಗಾಗಿ ಮಾತು ಬಿಸಿಯಾದ ಕೂಡಲೇ ಕನ್ನಡ ಹೊರಗೆ ಬರುತ್ತಿತ್ತು, ಅದೂ ಬಾಲ್ಕನಿ ದಾಟಿ ಮೇಲಿನ ಮಹಡಿಗೆ ಕೇಳಿಸುವ ಹಾಗೆ.

ಒಂದು ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಅಕ್ಕ, ಹಿಂದೆ ಅವರ ಯಜಮಾನರು. ಅಕ್ಕನ ಕಣ್ಣೆಲ್ಲ ಒದ್ದೆ. ಕೈಯಲ್ಲಿ ಒಗೆದು ಇಸ್ತ್ರಿ ಹಾಕಿದ ಹಸಿರು ಟವಲ್, ಅದರ ಮೇಲೆ ಒಂದು ಡಬ್ಬಿ ಪತ್ರೊಡೆ.

"ತಗೊಳ್ಳಿ ಬಾಯಿ, ನನಗೆ ಇದು ಬೇಡವೇ ಬೇಡ. 'ಟವಲ್ ಯಾರದ್ದು? ಕಳೆದುಕೊಂಡವರು ಆಸೆ ಬಿಟ್ಟದ್ದು ನೀನು ನೋಡಿದ್ದಾ?' ಅಂತ ಅಣ್ಣ ದಿನಾ ನಿಮ್ಮನ್ನು ಬೈಯುವುದು ಕೇಳ್ತದೆ. ದೇವರಂಥ ಮನುಷ್ಯ! ಅವರ ಬಾಯಲ್ಲಿ ಒಂದು ದೊಡ್ಡ ಮಾತು ನಾನು ಕೇಳಿದ್ದಿಲ್ಲ. ನನ್ನ ಒಂದು ಟವಲಿಗೋಸ್ಕರ ನಿಮ್ಮ ಸಂಸಾರ ಹಾಳಾಗುವುದು ಬೇಡ."

ನನಗೆ ನಗು ಬಂತು, ಅಕ್ಕನ ಮುಖ ನೋಡಿ ಅಳುವೂ ಬಂತು. ಅವರನ್ನು ಅಪ್ಪಿಕೊಂಡೆ. ಅಷ್ಟರಲ್ಲಿ ಅಕ್ಕನ ಯಜಮಾನರು ರಾಜಿ ಪಂಚಾಯಿತಿಗೆ ಬಂದವರ ಗತ್ತಿನಲ್ಲಿ ಸೋಫಾದಲ್ಲಿ ಕೂತು, ನಮ್ಮವರ ಭುಜದ ಮೇಲೆ ಕೈಯಿಟ್ಟರು.

"ಎಲ್ಲರ ಮನೆಯಲ್ಲೂ ಉಂಟು ಮಾರಾಯ್ರೆ. ಈ ಜಗಳ ಎಷ್ಟು ಸಮಯದಿಂದ ನಡೀತಾ ಉಂಟು?"

ನಮ್ಮವರು ಪ್ರಾಮಾಣಿಕವಾಗಿ ಯೋಚಿಸಿ ಹೇಳಿದರು: "ಸಾವಿರದೈನೂರು ವರ್ಷದ ಮೇಲಾಯ್ತು."

೬. ಬೇರೆಯವರು

ಪರೀಕ್ಷೆಯ ದಿನ ಸಂಜೆ ಇಬ್ಬರೂ ಇಂಗ್ಲಿಷಿನಲ್ಲಿ ವಾದಿಸಲು ಸಜ್ಜಾಗಿ ಲ್ಯಾಪ್‌ಟಾಪಿನ ಮುಂದೆ ಕೂತೆವು. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ನನ್ನ ಅಂಗೈ ಬೆವರುತ್ತಿದ್ದರಿಂದ ಒರೆಸಿಕೊಳ್ಳಲು ಅಕ್ಕನ ಹಸಿರು ಟವಲ್ ಮಡಿಲಲ್ಲಿತ್ತು. ಪ್ರೊಫೆಸರಮ್ಮ ಕೊಟ್ಟದ್ದು ಅದೇ ಪ್ರಶ್ನೆ: ಕಳೆದದ್ದೇ ಗೊತ್ತಿಲ್ಲದವನು ಆಸೆ ಬಿಟ್ಟ ಹಾಗೆಯೋ, ಅಲ್ಲವೋ? ನನ್ನ ಪಾಲಿಗೆ 'ಬಿಟ್ಟ ಹಾಗೆ' ಎಂಬ ಪಕ್ಷ ಬಂತು.

"ಇವತ್ತಲ್ಲ ನಾಳೆ ಗೊತ್ತಾಗಿಯೇ ಆಗ್ತದೆ, ಗೊತ್ತಾದಾಗ ಆಸೆ ಬಿಟ್ಟೇ ಬಿಡ್ತಾನೆ" ಎಂದೆ. "ಆದ್ದರಿಂದ ಈಗಲೇ ಬಿಟ್ಟ ಹಾಗೆ."

"ಬಿಟ್ಟೇ ಬಿಡ್ತಾನೆ ಅಂತ ಹೇಗೆ ಗೊತ್ತು?" ನಮ್ಮವರ ಆಕ್ಷೇಪ.

"ಎಲ್ಲರೂ ಬಿಡ್ತಾರೆ. ಅದು ಮನುಷ್ಯ ಸ್ವಭಾವ."

"ಮಾಫಿ" ಅಂದರು ಅವರು. "ಬಿಡದವಳು ಒಬ್ಬಳು ನನಗೆ ಗೊತ್ತು."

ನಾನು ತಿರುಗಿ ನೋಡಿದೆ. ಅವರು ಪ್ರೊಫೆಸರಮ್ಮನನ್ನೇ ನೋಡುತ್ತಾ ಮಾತಾಡಿದರು. "ಅವಳ ಓದು ಕಳೆದುಹೋಗಿತ್ತು. ಕಳೆದುಹೋಗಿದೆ ಅಂತ ಅವಳು ಯಾರಿಗೂ ಹೇಳಲಿಲ್ಲ, ಬಹುಶಃ ಅವಳಿಗೇ ಗೊತ್ತಿರಲಿಲ್ಲ. ಆದರೆ ನಾವು ಮನೆ ಬದಲಾಯಿಸಿದಾಗಲೆಲ್ಲ ಅವಳು ಮೊದಲು ಕಟ್ಟುವುದು ಕಾಲೇಜಿನ ಪುಸ್ತಕಗಳ ಪೆಟ್ಟಿಗೆ. ಪಾತ್ರೆಗಿಂತ ಮೊದಲು. ನನಗೆ ಮುಟ್ಟಲಿಕ್ಕೂ ಬಿಡುವುದಿಲ್ಲ. ಆಸೆ ಬಿಟ್ಟವರು ಹಾಗೆ ಕಟ್ಟುವುದಿಲ್ಲ, ಮೇಡಂ."

ಇಷ್ಟು ವರ್ಷ ಈ ಮನುಷ್ಯ ಅದನ್ನು ನೋಡುತ್ತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಪ್ರೊಫೆಸರಮ್ಮ ಕಾಯುತ್ತಿದ್ದರು. ನಾನು ಆಕ್ಷೇಪ ಎತ್ತಬೇಕಿತ್ತು, ಎತ್ತದಿದ್ದರೆ ಫೇಲು. ಟವಲಿನಿಂದ ಕಣ್ಣು ಒತ್ತಿಕೊಂಡು, ಇಡೀ ಸಂಸಾರದಲ್ಲಿ ಮೊದಲ ಬಾರಿಗೆ, ನಾನು ಹೇಳಿದೆ:

"ಆಯ್ತು."

ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು. ಇಂಗ್ಲಿಷ್ ಎಲ್ಲಿ ಹೋಯಿತೋ! "ಆಯ್ತು ಅನ್ಬೇಡ ಮಾರಾಯ್ತಿ, ಫೇಲ್ ಆಗ್ತಿ! ಅದು ನನ್ನ ಮಾತು! ನೀನು ಇಲ್ಲ ಅನ್ನು, ಬೇಗ ಅನ್ನು!"

"ನಿಮ್ಮ ಜೊತೆಗಾರರು ಏನೆಂದರು?" ಪ್ರೊಫೆಸರಮ್ಮ ಕೇಳಿದರು.

"ನನ್ನ ಒಪ್ಪಿಗೆಗೆ ಆಕ್ಷೇಪ ಎತ್ತಿದರು" ಎಂದೆ. ಅಷ್ಟು ಹೇಳುವಾಗ ನಗು ಬಂತು, ನಗುವಿನ ಹಿಂದೆಯೇ ಮಾತೂ ಬಂತು. "ಪೆಟ್ಟಿಗೆ ಕಟ್ಟಿದ್ದು ಹೌದು. ಒಂದು ಸಲವಾದರೂ ಬಿಚ್ಚಿದ್ದು ನೋಡಿದ್ದೀರಾ? ಬಿಚ್ಚದ ಪೆಟ್ಟಿಗೆ ಆಸೆಗೆ ಸಾಕ್ಷಿ ಹೇಗೆ? ಬರೀ ಅಭ್ಯಾಸವೂ ಇರಬಹುದು."

ಅವರ ಮುಖ ಅರಳಿತು. "ಬರೀ ಅಭ್ಯಾಸಕ್ಕೆ ಯಾರೂ ನುಸಿಗುಳಿಗೆ ಹಾಕಿ ಪ್ಲಾಸ್ಟಿಕ್ ಸುತ್ತುವುದಿಲ್ಲ!"

"ಹೆಂಗಸರು ಎಲ್ಲದಕ್ಕೂ ನುಸಿಗುಳಿಗೆ ಹಾಕ್ತಾರೆ!"

"ನನ್ನ ಮದುವೆ ಕೋಟಿಗೆ ಹಾಕ್ಲಿಲ್ಲ!"

ಪ್ರೊಫೆಸರಮ್ಮ ನಗುತ್ತಾ ಎರಡೂ ಕೈ ಎತ್ತಿದರು. ರಬ್ಬಿಗಳೂ ಎಷ್ಟೋ ಪ್ರಶ್ನೆಗಳನ್ನು ತೀರ್ಪು ಕೊಡದೆ ಹಾಗೆಯೇ ಇರಲಿ ಎಂದು ಬಿಟ್ಟಿದ್ದಾರೆ, ಈ ಪೆಟ್ಟಿಗೆಯದ್ದೂ ಹಾಗೇ ಇರಲಿ, ಎಂದರು. ಆಮೇಲೆ ನಾನು ಪಾಸೆಂದೂ ಹೇಳಿದರು. ನಾನು ಟವಲಿನಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟೆ.

"ಇನ್ನೊಂದು ಮಾತು" ಎಂದರು ಪ್ರೊಫೆಸರಮ್ಮ. "ಇವರನ್ನು ಬಿಟ್ಟು ಬೇರೆಯವರನ್ನು ಹುಡುಕಿ ಅಂತ ಆ ದಿನ ಹೇಳಿದ್ದೆ. ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ."

ನಮ್ಮವರು ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರಕ್ಕೆ ಬಗ್ಗಿದರು.

"ಮಾಫಿ, ಮೇಡಂ. ಈಗ ವಾಪಸ್ ಆಗುವುದಿಲ್ಲ. ನೀವು ಹೇಳಿದ ಮೇಲೆಯೇ ಇವಳು ಬೇರೆಯವನನ್ನು ಹುಡುಕಿಕೊಂಡದ್ದು."