ಡೆಲ್ಮರನ ವೆಬ್‌ಸೈಟೂ ಚರ್ಚಿನ ಚಾವಣಿಯೂ

ಇಪ್ಪತ್ತೆಂಟು ವರ್ಷ ಅಮೆರಿಕದ ಒಕ್ಲಹೋಮಾದ ಒಂದು ಊರಿನವರ ತಲೆಯ ಮೇಲೇ ಓಡಾಡಿದ ಡೆಲ್ಮರ್ ಪ್ರೂಯಿಟ್‌ಗೆ ವೆಬ್‌ಸೈಟ್ ಎಂಬುದು ಎಂದೂ ಬೇಕಾಗಿರಲಿಲ್ಲ. ಚಾವಣಿ ಹೊದಿಸುವವನಿಗೆ ಏಣಿ ಇದ್ದರೆ ಸಾಕು ಎಂದುಕೊಂಡಿದ್ದ, ಪಾಪದ ಪ್ರಾಣಿ. ಸೋಮವಾರ ಬೆಳಿಗ್ಗೆ ಚರ್ಚ್ ಸಮಿತಿಯ ಅಧ್ಯಕ್ಷ ಹೋಯ್ಟ್ ಫೋನು ಮಾಡಿದ.

"ಆಲಿಕಲ್ಲು ಬಿದ್ದು ಚರ್ಚಿನ ಚಾವಣಿ ಜರಡಿ ಆಗಿದೆ ಅಂತಾರೆ ಕಣಯ್ಯಾ. ಸಂಜೆ ಆರಕ್ಕೆ ಸಭೆ. ಎಲ್ಲರ ವೆಬ್‌ಸೈಟ್ ನೋಡಿ, ಕೆಲಸ ಯಾರಿಗೆ ಅಂತ ಮತ ಹಾಕ್ತೀವಿ. ನಿಂದೆಲ್ಲಿ?"

ಆ ಬೇಸಿಗೆಗೆ ಡೆಲ್ಮರನ ಕಣ್ಣಿಗೆ ಬಿದ್ದಿದ್ದ ಕೆಲಸ ಅದೊಂದೇ. ತಪ್ಪಿದರೆ ಟ್ರಕ್ ಮಾರಬೇಕು. "ಸಂಜೆಗೆ ಬರತ್ತೆ," ಎಂದುಬಿಟ್ಟ.

ಕೂದಲು ಕತ್ತರಿಸುವ ವರ್ಲೀನ್‌ಗೆ ಕಂಪ್ಯೂಟರೂ ಬರುತ್ತಿತ್ತು. ಅವಳಿಗೆ ಬಾರದ್ದು ಯಾವುದಿತ್ತು? ಕ್ಲೀಟಸನ ಹೋಟೆಲಿನಲ್ಲಿ ಕೂತು ಶುರುಮಾಡಿದಳು. ಕೆಲಸವಿಲ್ಲದವರೆಲ್ಲ ಸಿಹಿ ಪೈ ತಿಂಡಿಯ ತಟ್ಟೆ ಹಿಡಿದು ಮೇಜಿನ ಸುತ್ತ ನೆರೆದರು.

"ನಾಯಿ ಹಾಕು," ಎಂದ ಕಾಫಿ ಬಗ್ಗಿಸುತ್ತಿದ್ದ ಕ್ಲೀಟಸ್. "ನಾಯಿ ಇದ್ರೆ ಜನ ನಂಬ್ತಾರೆ."

"ನನ್ ಹತ್ರ ನಾಯಿ ಇಲ್ವಲ್ಲೋ!" ಎಂದ ಡೆಲ್ಮರ್.

"ನಂದು ಹಾಕು. ಅದೇನೂ ಬೇಡ ಅನ್ನಲ್ಲ."

ನಾಯಿ ಬಂತು, ಬಾವುಟ ಬಂತು, ಹಾರುವ ಹದ್ದೂ ಬಂತು. ಡೆಲ್ಮರನ ಫೋನ್ ನಂಬರಿಗೆ ಜಾಗವಿಲ್ಲದೆ ನಾಯಿಯ ಬಾಲದ ಕೆಳಗೆ ತುರುಕಿದರು.

"ಮುಂಚೆ ಹೇಗಿತ್ತು, ಆಮೇಲೆ ಹೇಗಾಯ್ತು ಅಂತ ಜೋಡಿ ಫೋಟೋ ಬೇಕೇ ಬೇಕು," ಎಂದಳು ವರ್ಲೀನ್. ಡೆಲ್ಮರ್ ಜನ್ಮದಲ್ಲಿ ಫೋಟೋ ತೆಗೆದವನಲ್ಲ. "ಬಿಡು, ಆ ಚರ್ಚಿನ ಚಾವಣಿದೇ ಫೋಟೋ ತೆಗ್ದುಕೊಂಡು ಬಾ. ಆಮೇಲಿಂದು ಕಂಪ್ಯೂಟರ್ ಮಾಡತ್ತೆ. ತಮ್ಮ ಚರ್ಚೇ ಮಿಂಚೋದು ನೋಡಿದ್ರೆ ಮುದುಕರು ಕರಗಿಹೋಗ್ತಾರೆ."

ಡೆಲ್ಮರ್ ಉರಿಬಿಸಿಲಲ್ಲಿ ಚರ್ಚಿನ ಚಾವಣಿ ಹತ್ತಿ, ಫೋಟೋ ತೆಗೆದು, ಪ್ಯಾಂಟು ಹರಿದುಕೊಂಡು ಇಳಿದ. ಆರಕ್ಕೆ ಐದು ನಿಮಿಷವಿರುವಾಗ ವೆಬ್‌ಸೈಟ್ ಸಿದ್ಧವಾಯಿತು.

ಡೆಲ್ಮರ್ ಅರ್ಧ ಗಂಟೆ ಸಭೆಯ ಬಾಗಿಲಲ್ಲಿ ನಿಂತು ಬೆವರಿದ. ಹೋಯ್ಟ್ ಹೊರಬಂದವನೇ ಕೈ ಕುಲುಕಿದ.

"ನಿಂದೇ ಗೆದ್ದಿತು ಕಣಯ್ಯಾ! ಬೇರೆಯವರದ್ದು ನೋಡೋ ಹಾಗೇ ಇಲ್ಲ."

ಡೆಲ್ಮರನ ಕಣ್ಣು ತುಂಬಿತು. "ಹಾಗಾದ್ರೆ ನಾಳೆನೇ ಶುರುಮಾಡ್ಲಾ?"

"ಏನನ್ನ? ನಮ್ಮ ಚಾವಣಿ ಫಳಫಳ ಹೊಳೀತಿದೆಯಲ್ಲ! ಹೇಳದೆ ಕೇಳದೆ ಸೇವೆ ಅಂತ ಮಾಡಿಬಿಟ್ಟಿದೀಯ, ಪುಣ್ಯಾತ್ಮ. ಎಲ್ಲರೂ ಎದ್ದುನಿಂತು ನಿನಗೋಸ್ಕರ ಪ್ರಾರ್ಥನೆ ಮಾಡಿದ್ವಿ."

"ಅಯ್ಯೋ, ಅದು ಕಂಪ್ಯೂಟರ್ ಮಾಡಿದ ಚಿತ್ರ! ಹೊರಗೆ ಬಂದು ತಲೆಯೆತ್ತಿ ನೋಡ್ರೀ!"

"ಕತ್ತು ಹಿಡ್ಕೊಂಡಿದೆಯಪ್ಪಾ. ವೆಬ್‌ಸೈಟಲ್ಲೇ ಚೆನ್ನಾಗಿ ಕಾಣತ್ತೆ." ಹೋಯ್ಟ್ ಅವನ ಬೆನ್ನು ತಟ್ಟಿದ. "ಚಾವಣಿಗೆ ಅಂತ ಇಟ್ಟಿದ್ದ ದುಡ್ಡು ಉಳೀತಲ್ಲ, ಅದ್ರಲ್ಲಿ ಚರ್ಚಿಗೂ ಒಂದು ವೆಬ್‌ಸೈಟ್ ಆಗ್ಲಿ ಅಂತ ಮತ ಬಿತ್ತು. ವರ್ಲೀನ್‌ಗೆ ಕೊಟ್ವಿ. ಅವಳಿಗೆ ಮೇಲಿಂದ ಇನ್ನೊಂದು ಫೋಟೋ ಬೇಕಂತೆ, ಬೆಳಿಗ್ಗೆ ಏಣಿ ತಂದುಬಿಡು."