ಹಳ್ಳದಾಚೆಯ ರಾಗಿ

ಕೆಲವರ ಜಾತಕದಲ್ಲಿ ಶನಿ ಕೂತಿರುತ್ತಾನೆ. ನನ್ನ ಜಾತಕದಲ್ಲಿ ಕೂತಿರುವುದು ಸರ್ಕಾರ. ಶನಿಯಾದರೆ ಏಳೂವರೆ ವರ್ಷ ಕಾಡಿ ಎದ್ದು ಹೋಗುತ್ತಾನೆ. ಇದು ಏಳುವುದೂ ಇಲ್ಲ, ಹೋಗುವುದೂ ಇಲ್ಲ. ಆದ್ದರಿಂದ ಇಂಥ ಪ್ರಸಂಗಗಳೂ ನಿಲ್ಲುವುದಿಲ್ಲ.

ನಮ್ಮೂರು ಬಾಗಲೂರಿನ ಹತ್ತಿರ. ಮನೆ ಇರುವುದು ಮದರಾಸು ಸರ್ಕಾರದ ನೆಲದಲ್ಲಿ. ಊರ ಮುಂದೆ ಒಂದು ಹಳ್ಳ, ಅದರ ಆಚೆ ದಡದಿಂದ ಮೈಸೂರು ಸಂಸ್ಥಾನ. ನಮ್ಮ ರಾಗಿ ಹೊಲ ಆ ದಡದಲ್ಲಿದೆ. ಮೇಕೆ ಒಂದೇ ನೆಗೆತಕ್ಕೆ ದಾಟುವ ಹಳ್ಳ ಅದು. ನಮ್ಮ ತಾತ ಹೊಲ ಕೊಂಡಾಗ ಪರರಾಜ್ಯಕ್ಕೆ ಹೋಗುತ್ತಿದ್ದೇನೆ ಅಂತ ಅವನಿಗೆ ಅನ್ನಿಸಿರಲಾರದು. ಯುದ್ಧ ಬಂತು, ಧಾನ್ಯಕ್ಕೆ ಕಂಟ್ರೋಲ್ ಬಂತು, ಆಚೆ ದಡದಲ್ಲಿ ಗಡಿ ಕಾಯುವ ಒಂದು ಉಕ್ಕಡ ಎದ್ದಿತು, ಅದರಲ್ಲಿ ಒಬ್ಬ ಪೇದೆ ಬಂದು ಕೂತ. ಅಂದಿನಿಂದ ನಮ್ಮ ರಾಗಿ ನಮ್ಮ ಮನೆಗೆ ಬರುವಂತಿಲ್ಲ.

ನಮ್ಮವ್ವನಿಗೆ ಆಗಲೇ ಎಂಬತ್ತರ ಹತ್ತಿರ. ಅವಳಿಗೆ ಬೇಕಾಗಿದ್ದದ್ದು ಒಂದೇ. "ನನ್ ಹೊಲದ ರಾಗಿ, ನನ್ ಒಲೆ ಮುಂದೆ ಕುಂತ್ಕಂಡು ಎಲ್ಡು ಮುದ್ದೆ ಉಣ್ಬೇಕು ಕಣ್ಲಾ. ಅಷ್ಟೇಯ."

ಆ ಅಷ್ಟಕ್ಕಾಗಿ ನಾನು ಪಟ್ಟ ಪಾಡು ಇದು.

೧. ಪತ್ರಿಕೆ

ನಮ್ಮೂರಲ್ಲಿ ಪತ್ರಿಕೆ ತರಿಸುತ್ತಿದ್ದವನು ನಾನೊಬ್ಬನೇ. ಹೊಸೂರಿನಿಂದ ಬಸ್ಸಿನವನ ಕೈಲಿ ಬಂದು ತಲುಪುವಾಗ ಅದಕ್ಕೆ ಮೂರು ದಿನ ವಯಸ್ಸಾಗಿರುತ್ತಿತ್ತು. ಕಮ್ಮಾರನ ಕುಲುಮೆ ಹತ್ತಿರ ಕೂತು ಎಲ್ಲರಿಗೂ ಕೇಳುವಂತೆ ಓದುತ್ತಿದ್ದೆ. ಓದುವುದು ಒಂದು ಪಾಲು, ಬೈಯುವುದು ಎರಡು ಪಾಲು.

ಒಂದು ದಿನ ಮೇಲುಗಡೆ ದಪ್ಪಕ್ಷರದಲ್ಲಿ ಹೀಗಿತ್ತು: ಆಹಾರಕ್ಕೆ ಕೊರತೆಯಿಲ್ಲ, ಜನ ಗಾಬರಿಪಡಬೇಕಾಗಿಲ್ಲ. ಅದರ ಕೆಳಗೇ ಇನ್ನೊಂದು: ವಾರಕ್ಕೊಂದು ಹೊತ್ತು ಉಪವಾಸವಿದ್ದು ಸರ್ಕಾರಕ್ಕೆ ನೆರವಾಗಿ. ಕಮ್ಮಾರ ತಿದಿ ಒತ್ತುವುದನ್ನು ನಿಲ್ಲಿಸಿ ಕೇಳಿದ, "ಗೌಡ್ರೇ, ಇವೆಲ್ಡೂ ಒಬ್ರೇ ಬರ್ದಿರಾದಾ?"

"ಒಂದೇ ಸರ್ಕಾರ ಕಣಯ್ಯ."

"ಹಂಗಾದ್ರೆ ಮ್ಯಾಲಿಂದು ಉಂಡ್ಮೇಲೆ ಬರ್ದವ್ರೆ, ಕೆಳಗಿಂದು ನಾವ್ ಉಣ್ಣಾದ್ ನೋಡಿ ಬರ್ದವ್ರೆ."

ಮುಂದೆ ಕಾಗದಕ್ಕೂ ಕಂಟ್ರೋಲ್ ಬಂದು ಪತ್ರಿಕೆಯ ಪುಟ ಅರ್ಧಕ್ಕರ್ಧ ಇಳಿಯಿತು. ಸುಳ್ಳೂ ಅರ್ಧ ಇಳಿಯಿತಲ್ಲ ಅಂತ ಸಮಾಧಾನಪಟ್ಟೆ. ಅಷ್ಟು ಕಟ್ಟುಪಾಡುಗಳಲ್ಲಿ ನನಗೆ ಹಿಡಿಸಿದ್ದು ಅದೊಂದೇ.

೨. ಗೋಧಿ

ಮನೆಯಲ್ಲಿ ರಾಗಿ ಮುಗಿಯಿತು. ರೇಷನ್ ಅಂಗಡಿಗೆ ಆ ತಿಂಗಳು ಬಂದದ್ದು ಗೋಧಿ. ನಮ್ಮೂರಿನ ಹೆಂಗಸರು ಅದರ ಮುಖ ಕಂಡವರಲ್ಲ. ನನ್ನ ಹೆಂಡತಿ ಅಂಗಡಿಯವನನ್ನು, "ಇದ್ರಾಗೇನ್ ಮಾಡ್ತಾರಣ್ಣ?" ಅಂತ ಕೇಳಿದಳು. ಅವನು ತಮಿಳಿನವನು. "ಎನಕ್ಕೆನ್ನಮ್ಮಾ ತೆರಿಯುಂ? ಕಾರ್ಡು ಕುಡು, ವಾಂಗಿಟ್ಟು ಪೋ," ಅಂದ. ಕಾರ್ಡು ಕೊಟ್ಟು ತಗೊಂಡು ಹೋಗು ಅಂತ. ಏನು ಮಾಡುವುದೋ ಅವನಿಗೇ ಗೊತ್ತಿರಲಿಲ್ಲ, ಪಾಪ.

ಅವ್ವನಿಗೆ ಗೊತ್ತಿದ್ದ ಅಡಿಗೆ ಒಂದೇ. ಗೋಧಿ ಬೀಸಿ, ಎಸರಿಗೆ ಹಿಟ್ಟು ಸುರಿದು, ಕೋಲು ಹಾಕಿ ತಿರುವಿದಳು. ತಿರುವಿದ್ದು ತಿರುವಿದ್ದೇ, ಕೋಲು ಈಚೆಗೆ ಬರಲೊಲ್ಲದು. ಸಿಟ್ಟು ಬಂದು ಎಳೆದಳು. ಕೋಲಿನ ಜೊತೆ ಗಡಿಗೆಯೂ ಎದ್ದು ಬಂತು.

ಆ ರಾತ್ರಿ ಅವಳು ಉಣ್ಣಲಿಲ್ಲ. ಮಾರನೇ ದಿನವೂ ಉಣ್ಣಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಮೂರನೆಯ ದಿನದಿಂದ ಬರೀ ಗೋಧಿ ಗಂಜಿ ಕುಡಿದು ಜೀವ ಹಿಡಿದಳು.

ಆ ಗೋಧಿ ಮುದ್ದೆ ದಂಡವಾಗಲಿಲ್ಲ. ರೇಷನ್ ನೋಟೀಸು ಅಂಟಿಸಲು ಬಂದ ತಳವಾರ ಅಂಟು ಕೇಳಿದ, ಗಡಿಗೆ ತೋರಿಸಿದೆ. ಮೂರು ಮಳೆಗಾಲ ಕಳೆದು ನಮ್ಮ ಗೋಡೆಯ ಮಣ್ಣೇ ಉದುರಿತು. ನೋಟೀಸು ಉದುರಲಿಲ್ಲ.

೩. ಹಗೇವು

ಆಚೆ ದಡದ ಹೊಲದಲ್ಲಿ ನಮ್ಮದೊಂದು ಹಗೇವು ಇದೆ. ನೆಲದೊಳಗೆ ಬಾವಿಯ ಹಾಗೆ ತೋಡಿ, ರಾಗಿ ತುಂಬಿ, ಬಾಯಿ ಮುಚ್ಚಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಬಾಯಿ ತೆಗೆದ ಕೂಡಲೇ ಇಳಿಯುವ ಹಾಗಿಲ್ಲ. ಒಳಗಿನ ಕೆಟ್ಟ ಗಾಳಿ ಆಳನ್ನೇ ತೆಗೆಯುತ್ತದೆ. ಒಂದು ದಿನ ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಉರಿದರೆ ಮಾತ್ರ ಮನುಷ್ಯ ಇಳಿಯುವುದು. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು.

ಸಂಸ್ಥಾನದ ಕಡೆಯ ಇನ್ಸ್‌ಪೆಕ್ಟರಿಗೆ ಗೊತ್ತಿರಲಿಲ್ಲ. ಅಡಗಿಸಿಟ್ಟ ಧಾನ್ಯ ಹುಡುಕಿಕೊಂಡು ಬಂದರು. "ತೆಗೀರಿ, ಇಳೀರಿ, ಅಳೀರಿ," ಅಂದರು.

"ಸ್ವಾಮಿ, ನಾಳೆ ಇಳೀಬೋದು. ಇವತ್ತು ಇಳಿದ್ರೆ ಹೆಣ ಎತ್ತಬೇಕಾಗ್ತದೆ."

"ಓಹೋ! ರಾತ್ರೋರಾತ್ರಿ ಸಾಗಿಸೋಕೆ ಟೈಮ್ ಬೇಕಾ?" ಅಂತ ಕಣ್ಣು ಕಿರಿದು ಮಾಡಿದರು. ತಮ್ಮ ಜವಾನನಿಗೆ ಇಳಿ ಅಂದರು. ಅವನು ಕೈ ಮುಗಿದು, "ನನ್ಗೆ ಇನ್ನೂ ಎಲ್ಡು ಹೆಣ್ಮಕ್ಳು ಮದ್ವೆಗವ್ರೆ ಬುದ್ಧಿ," ಅಂದ.

ಹರಳೆಣ್ಣೆ ದೀಪ ಹಚ್ಚಿ ಹಗ್ಗ ಕಟ್ಟಿ ಇಳಿಬಿಟ್ಟೆ. ಆರಿತು. ನಾನು ಊದಿ ಆರಿಸಿದೆ ಅಂತ ಅವರ ಅನುಮಾನ. ತಾವೇ ಹಚ್ಚಿ ಇಳಿಬಿಟ್ಟರು. ಆರಿತು. ಮೂರನೆಯ ಸಲ ನನ್ನನ್ನು ಹತ್ತು ಮಾರು ದೂರ ನಿಲ್ಲಿಸಿ ಇಳಿಬಿಟ್ಟರು. ಆಗಲೂ ಆರಿತು.

ಕೊನೆಗೆ ಹಗೇವಿಗೆ ಮೊಹರು ಹಾಕಿ, ಹೊಲದ ಕಾವಲುಗಾರನ ಗುಡಿಸಿಲಲ್ಲಿದ್ದ ಒಂದು ಮೂಟೆಯನ್ನು ಮಾತ್ರ ಬಿಟ್ಟರು. ಬೆಳೆದವರು ಈ ದಡದಲ್ಲೇ ಉಂಡರೆ ತಪ್ಪಿಲ್ಲ, ಒಂದು ಕಾಳೂ ಹಳ್ಳ ದಾಟಬಾರದು ಅಂತ ಹುಕುಂ ಆಯಿತು. ಅವರು ಬರೆದ ವರದಿಯನ್ನು ಜವಾನ ನನಗೆ ಓದಿ ಹೇಳಿದ: "ಮಾಲೀಕನು ಸಹಕರಿಸಲಿಲ್ಲ. ಜವಾನನು ಸಹಕರಿಸಲಿಲ್ಲ. ದೀಪವೂ ಸಹಕರಿಸಲಿಲ್ಲ."

೪. ಪರ್ಮಿಟ್

ಹೊಸೂರಿನ ಕಚೇರಿಗೆ ಹೋದೆ. ರಾಗಿ ಒಳಕ್ಕೆ ತರಲು ಅವರದೇನೂ ಅಡ್ಡಿಯಿಲ್ಲವಂತೆ, ಮೊದಲು ಆ ಕಡೆಯವರು ಹೊರಕ್ಕೆ ಬಿಡುವ ಚೀಟಿ ಕೊಡಬೇಕಂತೆ. ಆ ಕಡೆಯ ಕಚೇರಿಗೆ ಹೋದೆ. ಹೊರಕ್ಕೆ ಬಿಡಲು ಅವರದೇನೂ ಅಡ್ಡಿಯಿಲ್ಲವಂತೆ, ಮೊದಲು ಈ ಕಡೆಯವರು ಒಳಕ್ಕೆ ಬಿಡುವ ಚೀಟಿ ಕೊಡಬೇಕಂತೆ.

"ನನ್ನ ಹೊಲ, ನನ್ನ ಬೆವರು, ನನ್ನ ತಾಯಿ ಹೊಟ್ಟೆ. ನಡುವೆ ನೀವ್ಯಾರು ಸ್ವಾಮಿ?" ಅಂತ ಎರಡೂ ಕಡೆ ಕೇಳಿಯೇಬಿಟ್ಟೆ. ಎರಡು ಕಡೆಯ ಗುಮಾಸ್ತರೂ ಕೋಪ ಮಾಡಿಕೊಳ್ಳಲಿಲ್ಲ. "ಅದನ್ನೇ ಬರೆದು ಒಂದು ಅರ್ಜಿ ಕೊಡಿ," ಅಂದರು. ಎರಡು ಸರ್ಕಾರಗಳು ಒಂದೇ ಮಾತು ಆಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

೫. ಒಲೆ

ಕಥೆಯೆಲ್ಲ ಕೇಳಿ ಅವ್ವ, "ರಾಗಿ ಬರಾಕಿಲ್ಲ ಅಂದ್ರೆ ನಾನೇ ಹೋಯ್ತೀನಿ. ಗಾಡಿ ಕಟ್ಲಾ," ಅಂದಳು. ಅಂದಿನಿಂದ ದಿನಾ ಮಧ್ಯಾಹ್ನ ಗಾಡಿಯಲ್ಲಿ ಹಳ್ಳ ದಾಟುವುದು, ನನ್ನ ಹೆಂಡತಿ ಗುಡಿಸಿಲಲ್ಲಿ ಮುದ್ದೆ ಮಾಡಿ ಬಡಿಸುವುದು, ಅವ್ವ ಉಂಡು ವಾಪಸು ಬರುವುದು.

ಮೊದಲ ದಿನ ಬರುವಾಗ ಪೇದೆ ಗಾಡಿ ತಡೆದ. "ಅವ್ವಾ, ರಾಗಿ ಏನಾದ್ರೂ ಐತಾ?"

"ಐತೆ ಕಣಪ್ಪ," ಅಂತ ಅವ್ವ ಹೊಟ್ಟೆ ಮುಟ್ಟಿ ತೋರಿಸಿದಳು. "ಎಲ್ಡು ಮುದ್ದೆ. ಇಳಿಸ್ಕೋ."

ಪೇದೆ ನಕ್ಕುಬಿಟ್ಟ. "ಇದು ಲಿಸ್ಟ್‌ನಾಗಿಲ್ಲ, ಹೋಗವ್ವ."

ಹೊಟ್ಟೆ ತುಂಬಿತು, ಮನಸ್ಸು ತುಂಬಲಿಲ್ಲ. "ಇದು ಕಾವಲುಗಾರನ ಒಲೆ. ನನ್ನೊಲೆ ಅಲ್ಲ," ಅಂತ ದಿನಾ ಗೊಣಗುತ್ತಿದ್ದಳು.

ಅಷ್ಟರಲ್ಲಿ ಸ್ವಾತಂತ್ರ್ಯ ಬಂತು. ಪತ್ರಿಕೆಯನ್ನು ಬೈಯದೆ ಓದಿದ್ದು ಅವತ್ತೊಂದೇ ದಿನ. ಇನ್ನು ನಮ್ಮನ್ನು ಯಾರೂ ತಡೆಯರು ಅಂತ ಚಿಕ್ಕ ಮಗುವಿನ ಹಾಗೆ ನಂಬಿಬಿಟ್ಟೆ. ಗುಡಿಸಿಲಿಂದ ವಾಪಸು ಬರುವಾಗ ಒಂದು ಗಂಟು ರಾಗಿ ಹಿಟ್ಟನ್ನು ಅವ್ವನ ತೊಡೆ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆ. ಪೇದೆ ಗಾಡಿ ತಡೆದ.

"ಪರ್ಮಿಟ್ಟು?"

"ಸ್ವಾತಂತ್ರ್ಯ ಬಂತಲ್ಲಯ್ಯ!"

"ಅದು ನಿಮ್ ಮದ್ರಾಸ್ ಕಡೀಕೆ ಬಂದೈತೆ ಗೌಡ್ರೇ. ಸಂಸ್ಥಾನಕ್ಕೆ ಇನ್ನೂ ಆರ್ಡ್ರು ಬಂದಿಲ್ಲ."

ಅವ್ವ ಒಮ್ಮೆ ಆ ದಡ ನೋಡಿದಳು, ಒಮ್ಮೆ ಈ ದಡ ನೋಡಿದಳು. "ಆ ಕಡೆ ಸ್ವಾತಂತ್ರ್ಯ ಮಡಗಿದೀರ, ಈ ಕಡೆ ರಾಗಿ ಮಡಗಿದೀರ. ಎಲ್ಡೂ ಒಂದೇ ಕಡೆ ಇಟ್ಟಿದ್ರೆ ನಿಮ್ಮಪ್ಪನ ಗಂಟೇನ್ಲಾ ಹೋಗ್ತಿತ್ತು?" ಅಂದಳು. ಪೇದೆ ತಲೆ ತಗ್ಗಿಸಿ ಗಂಟು ವಾಪಸು ಗುಡಿಸಿಲಿಗೆ ಕಳಿಸಿದ.

ಮಾರನೇ ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಅಡಿಗೆಮನೆಯಲ್ಲಿ ಒಲೆ ಕೀಳುತ್ತಿದ್ದಾಳೆ! ಅವಳ ಅತ್ತೆ ಹೂಡಿದ್ದ ಮೂರು ಒಲೆಗುಂಡುಗಳು. "ರಾಗಿ ಒಲೆತಾವ್ಕೆ ಬರ್ದೆ ಹೋದ್ರೆ ಒಲೇನೆ ರಾಗಿತಾವ್ಕೆ ಹೋಗ್ಲಿ. ಎತ್ಲಾ," ಅಂದಳು. ಎತ್ತಿ ಗಾಡಿಗೆ ಹಾಕಿದೆ. ಉಕ್ಕಡದಲ್ಲಿ ಪೇದೆ ಲಿಸ್ಟ್ ತೆಗೆದು ಮೇಲಿಂದ ಕೆಳಗೆ ಬೆರಳಾಡಿಸಿದ. ಒಲೆಗುಂಡಿನ ಮಾತು ಎಲ್ಲೂ ಇರಲಿಲ್ಲ. ಆದರೂ ಮೇಲಿನವರು ಕೇಳಿದರೆ ಇರಲಿ ಅಂತ ಪುಸ್ತಕದಲ್ಲಿ ಬರೆದುಕೊಂಡ: ಒಲೆಗುಂಡು ಮೂರು, ಒಳಕ್ಕೆ.

ಅವ್ವ ತನ್ನ ಹೊಲದಲ್ಲಿ, ತನ್ನ ಒಲೆ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಸೊಪ್ಪಿನ ಸಾರಿನ ಜೊತೆ ಎರಡು ಮುದ್ದೆ ಉಂಡಳು. ಕೈ ತೊಳೆದು, "ಇವತ್ತು ಉಂಡಂಗಾಯ್ತು ಕಣ್ಲಾ," ಅಂದಳು. ನನ್ನ ಕಣ್ಣು ತುಂಬಿಬಂತು. ಅವಳೇ ಕರೆದು ಪೇದೆಗೂ ಒಂದು ಮುದ್ದೆ ಇಕ್ಕಿದಳು. ರೇಷನ್ ಗೋಧಿಯಲ್ಲೇ ದಿನ ತಳ್ಳುತ್ತಿದ್ದ ಪ್ರಾಣಿ, ಬೆರಳು ನೆಕ್ಕಿಕೊಂಡು ಉಂಡ.

ಸಂಜೆ ಒಲೆಗುಂಡುಗಳನ್ನು ಗಾಡಿಗೆ ಹಾಕಿ ಮನೆಗೆ ಹೊರಟೆವು. ಪೇದೆ ಅಡ್ಡ ಬಂದ.

"ಬೇಜಾರ್ ಮಾಡ್ಕೋಬ್ಯಾಡಿ ಗೌಡ್ರೇ. ಬುಕ್ಕಿಗೆ ಹತ್ತಿದ ಸರಕು ಪರ್ಮಿಟ್ ಇಲ್ದೆ ಈಚೆಗೆ ಬಿಡಂಗಿಲ್ಲ."

"ಅಯ್ಯಾ, ಈಗ ತಾನೇ ಇದೇ ಒಲೆ ಮುದ್ದೆ ಉಂಡ್ಯಲ್ಲೋ!"

"ಅದ್ಕೇ ಬೇಜಾರ್ ಮಾಡ್ಕೋಬ್ಯಾಡಿ ಅಂದಿದ್ದು," ಅಂತ ಪುಸ್ತಕ ಬಿಚ್ಚಿ ಆ ಸಾಲು ತೋರಿಸಿದ.

ನಾನು ಹಾರಾಡಿದೆ. ಅವ್ವ ಸುಮ್ಮನೆ ಇಳಿದು, ಒಲೆಗುಂಡುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ಬಿಡ್ಲಾ, ಈ ಕಡೀಕೂ ಸ್ವಾತಂತ್ರ್ಯ ಬತ್ತದಂತಲ್ಲ. ಆಗ ಇಸ್ಕಂಡ್ರಾಯ್ತು," ಅಂದಳು.

ಆ ವರ್ಷವೇ ಆ ಕಡೆಗೂ ಬಂತು. ಉಕ್ಕಡದ ಮೇಲೆ ಹೊಸ ಬಾವುಟ ಹಾರಿತು. ಅವತ್ತೇ ಗಾಡಿ ಕಟ್ಟಿಕೊಂಡು ಹೋಗಿ ಪೇದೆಯ ಮುಂದೆ ನಿಂತೆ. "ಈಗಲಾದ್ರೂ ನಮ್ಮವ್ವನ ಒಲೆ ಕೊಡ್ತೀಯೇನಪ್ಪಾ?"

ಪೇದೆ ಬಾವುಟದ ಕಡೆ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ, "ಮೊದ್ಲಾದ್ರೆ ಯಾರ್ದೋ ಸರ್ಕಾರ ಗೌಡ್ರೇ, ಒಂಚೂರು ಕಣ್ಣು ಮುಚ್ಕಂಡು ಬಿಡ್ಬೋದಾಗಿತ್ತು. ಈಗ ಎಲ್ಡೂ ಕಡೆ ನಮ್ದೇ ಅಲ್ವಾ, ಹೆಂಗ್ ಬಿಡ್ಲಿ?"