ಮತ್ತಿತರರ ಕುರ್ಚಿ

ಕಣಭೌತವಿಜ್ಞಾನದಲ್ಲಿ ಒಂದು ಪ್ರಬಂಧವನ್ನು ಒಬ್ಬರೇ ಬರೆಯುವುದು ಶಿಸ್ತಿನ ಉಲ್ಲಂಘನೆ.

ನಮ್ಮ ಸಂಶೋಧನಾಲಯದ ಹಿರಿಯ ವಿಜ್ಞಾನಿಯೊಬ್ಬರು ತಮ್ಮ ದೀರ್ಘ ಸೇವೆಯಲ್ಲಿ ಈ ಶಿಸ್ತನ್ನು ಒಮ್ಮೆಯೂ ಮುರಿದವರಲ್ಲ. ಅವರ ಒಂಬೈನೂರಕ್ಕೂ ಹೆಚ್ಚು ಪ್ರಬಂಧಗಳು ಪ್ರಕಟವಾಗಿದ್ದವು. ಅವುಗಳಲ್ಲಿ ಕೆಲವನ್ನು ಅವರು ಓದಿಯೂ ಇದ್ದರು. ಪ್ರತಿಯೊಂದಕ್ಕೂ ಸುಮಾರು ಮೂರು ಸಾವಿರ ಲೇಖಕರು. ಹೆಸರುಗಳು ಅಕಾರಾದಿಯಾಗಿ ಬರುವುದರಿಂದ ಹಕಾರದ ನಮ್ಮ ವಿಜ್ಞಾನಿಯ ತನಕ ಯಾರ ಕಣ್ಣೂ ತಲುಪುತ್ತಿರಲಿಲ್ಲ. ಉಲ್ಲೇಖಿಸುವವರು ಮೊದಲ ಹೆಸರೊಂದನ್ನು ಬರೆದು "ಮತ್ತಿತರರು" ಎಂದು ಮುಗಿಸುತ್ತಿದ್ದರು. ಮನೆಯಲ್ಲಿ ಭಾವಮೈದುನ ಅವರನ್ನು ಕರೆಯುತ್ತಿದ್ದುದೂ ಹಾಗೆಯೇ: "ಅಕ್ಕಾ, ಮತ್ತಿತರರು ಸ್ನಾನಕ್ಕೆ ಹೋದ್ರಾ?"

ನಿವೃತ್ತಿಗೆ ಮೊದಲು ಒಮ್ಮೆಯಾದರೂ ತಮ್ಮ ಹೆಸರು ಒಂದು ಪ್ರಬಂಧದ ನೆತ್ತಿಯಲ್ಲಿ ಒಂಟಿಯಾಗಿ ನಿಲ್ಲಬೇಕೆಂಬ ಆಸೆ ಅವರಿಗೆ ಹುಟ್ಟಿತು. ಊಟದ ಮೇಜಿನ ಮುಂದೆ ಕುಳಿತು, ಒಂದು ಕಣವು ಲೆಕ್ಕಕ್ಕಿಂತ ತುಸು ತಡವಾಗಿ ಏಕೆ ಅಳಿಯುತ್ತದೆ ಎಂಬುದನ್ನು ಎಂಟು ಪುಟಗಳಲ್ಲಿ ವಿವರಿಸಿದರು. ವಿವರಣೆ ಸರಿಯಾಗಿತ್ತು. ಅದರ ಬಗ್ಗೆ ಯಾರ ತಕರಾರೂ ಇರಲಿಲ್ಲ.

ತಕರಾರು ಇದ್ದುದು ಲೇಖಕರ ಸಂಖ್ಯೆಯ ಬಗ್ಗೆ. ನಿರ್ದೇಶಕರು ಅವರನ್ನು ಕರೆಸಿ, ಬಾಗಿಲು ಮುಚ್ಚಿಸಿ, ರೋಗಿಯನ್ನು ವಿಚಾರಿಸುವಂತೆ ಕೇಳಿದರು.

"ಒಬ್ಬರೇ ಬರೆದಿದ್ದೀರಂತೆ?"

"ಹೌದು ಸಾರ್."

"ಯಾಕೆ, ಯಾರ ಜೊತೆಗಾದ್ರೂ ಮನಸ್ತಾಪನಾ?"

"ಇಲ್ಲ ಸಾರ್. ನನಗೊಬ್ಬನಿಗೇ ಹೊಳೀತು."

"ಹೊಳೆಯೋದು ತಪ್ಪಲ್ಲ ಬಿಡಿ. ಮಿಕ್ಕ ಮೂರು ಸಾವಿರ ಜನಕ್ಕೆ ಯಾಕೆ ಹೊಳೀಲಿಲ್ಲ ಅಂತ ಮೇಲಿನವರು ಕೇಳಿದ್ರೆ ನಾನೇನು ಹೇಳಲಿ?"

ಪ್ರಕಟಣಾ ನಿಯಮಾವಳಿಯಂತೆ ಕನಿಷ್ಠ ಹನ್ನೊಂದು ಮಂದಿ ಲೇಖಕರು ಇರತಕ್ಕದ್ದು. ಸಹೋದ್ಯೋಗಿಗಳನ್ನು ಸೇರಿಸಿಕೊಳ್ಳಲು ಮಹಾಮಂಡಳಿಯ ಒಪ್ಪಿಗೆ ಬೇಕು. ಮಂಡಳಿಯ ಸದಸ್ಯರೆಲ್ಲ ಕೂರುವಷ್ಟು ದೊಡ್ಡ ಸಭಾಂಗಣದ ಅಡಿಪಾಯ ಆಗಷ್ಟೇ ಮುಗಿದಿತ್ತು. ವಿಜ್ಞಾನಿಯ ಮುಖ ಕಂಡು ಮರುಗಿದ ನಿರ್ದೇಶಕರು ಉಪನಿಯಮವೊಂದನ್ನು ಓದಿ ಹೇಳಿದರು: "ಸಂಶೋಧನೆಗೆ ಸ್ಥಳ, ಬೆಳಕು, ಸಾಮಗ್ರಿ ಅಥವಾ ನಿಶ್ಶಬ್ದವನ್ನು ಒದಗಿಸಿದವರನ್ನು ಲೇಖಕರೆಂದೇ ಭಾವಿಸತಕ್ಕದ್ದು."

ಹೀಗೆ ಮೇಜು ಬಿಟ್ಟುಕೊಟ್ಟ ಹೆಂಡತಿ ಲೇಖಕಿಯಾದರು. ಪೆನ್ನು ಕೊಟ್ಟ ಭಾವಮೈದುನ ಲೇಖಕನಾದ. ಪಿಟೀಲು ಅಭ್ಯಾಸ ನಿಲ್ಲಿಸಿದ ಮೇಲಿನ ಮನೆಯ ಸಂಸಾರ ಮಕ್ಕಳು ಮರಿ ಸಮೇತ ಸೇರಿಕೊಂಡಿತು. ಧಾರಾವಾಹಿಯ ಸದ್ದು ತಗ್ಗಿಸಿದ್ದ ಅತ್ತೆಯವರು ಮಾತ್ರ, ನಿವೃತ್ತ ಶಾಲಾ ಶಿಕ್ಷಕಿಯಾದ್ದರಿಂದ, ಹಾಗೆಲ್ಲ ಒಪ್ಪುವವರಲ್ಲ.

"ಓದದೆ ಸಹಿ ಹಾಕೋಕೆ ನಾನೇನು ವಿಜ್ಞಾನಿನಾ?" ಎಂದರು.

ಎಂಟೂ ಪುಟ ಓದಿ, ಅರ್ಥವಾಗದ ಕಡೆ ಅಳಿಯನನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನಿಸಿ, ಎರಡು ಅಲ್ಪವಿರಾಮಗಳನ್ನು ತಿದ್ದಿ ಸಹಿ ಮಾಡಿದರು. ಅವರ ಹೆಸರು ಅಕಾರದ್ದು.

ಪ್ರಬಂಧ ಪ್ರಕಟವಾಯಿತು. ಕಣದ ಆ ವಿಳಂಬಕ್ಕೆ, ರೂಢಿಯಂತೆ, ಮೊದಲ ಲೇಖಕರ ಹೆಸರನ್ನೇ ಇಡಲಾಯಿತು. ಸಂಶೋಧನಾಲಯ ಅತ್ತೆಯವರನ್ನು ವಿಶೇಷ ಉಪನ್ಯಾಸಕ್ಕೆ ಆಹ್ವಾನಿಸಿತು. ಅವರು ಇಸ್ತ್ರಿ ಮಾಡಿದ ಸೀರೆಯುಟ್ಟು, ಹೇಳಿದ ಹೊತ್ತಿಗೆ ಸರಿಯಾಗಿ ಹೋದರು. ಸಭಿಕರು ಇನ್ನೂ ಬಂದಿರಲಿಲ್ಲ.

ಮುಂದಿನ ಸಾಲಿನಲ್ಲಿ "ಮತ್ತಿತರರು" ಎಂಬ ಫಲಕವಿದ್ದ ಕುರ್ಚಿ ಒಂದೇ ಒಂದು. ಭಾವಮೈದುನ ಅದರಲ್ಲಿ ಕೂತದ್ದೇ ತಡ, ವೇದಿಕೆಯಿಂದ ಅತ್ತೆಯವರ ಧ್ವನಿ ಬಂತು.

"ಏಳೋ. ಅದು ಅವರ ಜಾಗ."

ಅವನು ಎದ್ದ. ವಿಜ್ಞಾನಿ ಕುಳಿತರು.

"ಹೊರಟೆ ಹೊರಟೆ ಅಂತ ಬಾಗಿಲಲ್ಲಿ ನಿಂತು ಇನ್ನರ್ಧ ಗಂಟೆ ಮಾತಾಡೋ ನೆಂಟರು ಇರ್ತಾರಲ್ಲ, ಈ ಕಣನೂ ಹಾಗೇ," ಎಂದು ಸಭಾಂಗಣ ತುಂಬಿದ ಮೇಲೆ ಅತ್ತೆಯವರು ಆರಂಭಿಸಿದರು. "ಅದನ್ನ ಯಾರು ನಿಲ್ಲಿಸ್ಕೊಳ್ತಾರೆ ಅಂತ ಕಂಡುಹಿಡಿದಿದ್ದು ನಮ್ಮ ಅಳಿಯಂದಿರು. ಅವರೊಬ್ಬರೇ."

ಸಭೆ ದೀರ್ಘವಾಗಿ ಚಪ್ಪಾಳೆ ತಟ್ಟಿತು. ಒಬ್ಬರನ್ನೇ ಹೆಸರಿಸುವುದು ಶಿಷ್ಟಾಚಾರವಲ್ಲವಾದ್ದರಿಂದ ಆ ವಾಕ್ಯವನ್ನು ನಡಾವಳಿಯಿಂದ ತೆಗೆಯಲಾಯಿತು. ವಿಜ್ಞಾನಿ ಆಕ್ಷೇಪಿಸಲಿಲ್ಲ; ಅವರು ಅದನ್ನು ಕಿವಿಯಾರೆ ಕೇಳಿಯಾಗಿತ್ತು.

ಮರುದಿನ ಅವರು ಆ ಫಲಕವನ್ನು ಕೇಳಿ ಪಡೆದು ತಮ್ಮ ಕೊಠಡಿಯ ಬಾಗಿಲಿಗೆ ಹಾಕಿಸಿಕೊಂಡರು. ಅಂದಿನಿಂದ ಅವರ ಅಂಚೆ ತಪ್ಪದೆ ತಲುಪುತ್ತಿದೆ.